ಹಾಡಲು ಬಾರದಿದ್ದರೂ ಪೋಷಕರ ಗಾಯನ ತಂಡಕ್ಕೆ ಸೇರಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಹುಬ್ಬಳ್ಳಿಯಿಂದ ಮೈಸೂರಿಗೆ ಬಂದು ವರ್ಷ ದಾಟಿದೆ. ಮನೆಯಿಂದಲೇ ಕೆಲಸ. ಹೆಂಡತಿಗೆ ಆಫೀಸಿನಲ್ಲಿ ಜೊತೆಯವರಿದ್ದಾರೆ, ಮಗಳಿಗೆ ಕ್ಲಾಸಿನಲ್ಲಿದ್ದಾರೆ. ನಿಮಗೆ ಮಾತ್ರ ಹಾಲಿನವರು, ಕೊರಿಯರ್‌ನವರು ಬಿಟ್ಟರೆ ಮಾತಾಡಲು ಯಾರೂ ಇಲ್ಲ. ಈಗ ಮಗಳ ಸ್ಕೂಲಿನಿಂದ ‘ಪೋಷಕರ ಗಾಯನ ತಂಡಕ್ಕೆ ಆಸಕ್ತರು ಬನ್ನಿ’ ಎಂದು ಮೆಸೇಜ್ ಬಂದಿದೆ. ಹಾಡಲು ಬರುವುದಿಲ್ಲ, ಹೋದರೆ ನಗೆಪಾಟಲಾಗುತ್ತೇನಾ, ನಾಲ್ಕು ಜನ ಪರಿಚಯ ಆಗುತ್ತಾರಾ ಎಂದು ಕೇಳಿದ್ದೀರಿ.

ಹೋಗಿ. ಜನ ಸಿಗುತ್ತಾರೆ. ಆದರೆ ನೀವು ಅಂದುಕೊಂಡ ದಾರಿಯಲ್ಲಿ ಸಿಗುವುದಿಲ್ಲ.

ನಾನು ಇಂಥದ್ದೇ ಒಂದು ತಂಡದಲ್ಲಿ ಕೆಲವು ವರ್ಷಗಳಿಂದ ಹಾಡುತ್ತಿದ್ದೇನೆ. ಮದ್ದೂರು ಕಡೆಯವಳು, ಮದುವೆಯಾಗಿ ಮೈಸೂರಿಗೆ ಬಂದೆ. ಮನೆ ರಾಮಕೃಷ್ಣನಗರದಲ್ಲಿ. ಕೆಲಸ ಬ್ಯಾಂಕಿನಲ್ಲಿ. ಸಂಗೀತ ಎಂದರೆ ಚಿಕ್ಕಂದಿನಲ್ಲಿ ಸರಳೆ ವರಸೆ ಒಂದಷ್ಟು ಕಲಿತು ಬಿಟ್ಟಿದ್ದು, ಅಷ್ಟೇ.

ಮೊದಲು ನಿಮ್ಮ ಭಯದ ವಿಚಾರ. ಈ ಊರಲ್ಲಿ ಆ ಭಯ ಸ್ವಲ್ಪ ಜಾಸ್ತಿಯೇ ಇರುತ್ತದೆ. ವೀಣೆ ಶೇಷಣ್ಣ, ವಾಸುದೇವಾಚಾರ್ಯರಂಥ ಸಂಗೀತ ವಿದ್ವಾಂಸರ ಊರು. ಗಣೇಶನ ಹಬ್ಬಕ್ಕೆ ಒಂಟಿಕೊಪ್ಪಲಿನ ಎಂಟನೇ ಕ್ರಾಸಿಗೆ ಹೋಗಿ ನೋಡಿ. ಪೆಂಡಾಲಿನಲ್ಲಿ ಕಛೇರಿ ಕೇಳುತ್ತಾ ಕೂತ ಅಜ್ಜಿಯರು ತೊಡೆ ಮೇಲೆ ತಾಳ ಹಾಕುವುದು ನೋಡಿದರೆ, ಇವರ ಎದುರು ಬಾಯಿ ಬಿಡುವುದಾದರೂ ಹೇಗಪ್ಪಾ ಅನ್ನಿಸುತ್ತದೆ. ಆದರೆ ಪೋಷಕರ ತಂಡ ಕಛೇರಿ ಅಲ್ಲ. ನಮ್ಮಲ್ಲಿ ಸಂಗೀತ ಬಲ್ಲವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಬಚ್ಚಲುಮನೆ ಗಾಯಕರು.

ಪ್ರಾಕ್ಟೀಸ್ ನಡೆಯುವುದು ಶನಿವಾರ ಸಂಜೆ, ಎಲ್‌ಕೆಜಿ ರೂಮಿನಲ್ಲಿ. ದೊಡ್ಡ ರೂಮುಗಳಿಗೆ ಆ ಹೊತ್ತಿಗೆ ಬೀಗ. ಹಾಗಾಗಿ ಎಲ್ಲರೂ ಕೂರುವುದು ಪುಟಾಣಿ ಕುರ್ಚಿಗಳ ಮೇಲೆ, ಮೊಣಕಾಲು ಎದೆಗೆ ತಾಗಿಸಿಕೊಂಡು. ಸಿಎಫ್‌ಟಿಆರ್‌ಐನಲ್ಲಿ ವಿಜ್ಞಾನಿ ಆಗಿರುವವರೊಬ್ಬರು, ಸ್ವಂತ ಆಟೋ ಓಡಿಸುವವರೊಬ್ಬರು, ದೇವರಾಜ ಮಾರ್ಕೆಟ್ಟಿನಲ್ಲಿ ಅಂಗಡಿ ಇರುವವರು, ಇನ್ಫೋಸಿಸ್‌ನವರು, ಮನೆಯಲ್ಲೇ ಬ್ಲೌಸ್ ಹೊಲಿಯುವವರು, ಎಲ್ಲರೂ ಅದೇ ಕುರ್ಚಿಯಲ್ಲಿ. ಅಲ್ಲಿ ಯಾರ ದೊಡ್ಡಸ್ತಿಕೆಯೂ ನಡೆಯುವುದಿಲ್ಲ. ಪರಸ್ಪರ ಹೆಸರು ಕೂಡ ಬೇಗ ಗೊತ್ತಾಗುವುದಿಲ್ಲ. ಫೋನಿನಲ್ಲಿ ಎಲ್ಲರೂ ಮಗುವಿನ ಹೆಸರಿನ ಮುಂದೆ ‘ಮಮ್ಮಿ’ ಅಥವಾ ‘ಪಪ್ಪ’ ಎಂದೇ ಸೇವ್ ಆಗಿರುತ್ತಾರೆ. ಒಬ್ಬರ ನಿಜವಾದ ಹೆಸರು ನನಗೆ ಗೊತ್ತಾದದ್ದು ಅವರ ಮನೆಯ ಗೃಹಪ್ರವೇಶದ ಕಾರ್ಡು ಬಂದಾಗ.

ಈಗ ‘ಹಾಡಲು ಬರುವುದಿಲ್ಲ’ ಅನ್ನುವ ಮಾತು. ಇದನ್ನು ಹೆಂಗಸರಿಗಿಂತ ಗಂಡಸರು ಜಾಸ್ತಿ ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ ಸುಮಾರು ಜನರ ತೊಂದರೆ ದನಿಯದ್ದಲ್ಲ, ಶ್ರುತಿಯದ್ದು, ಅಂದರೆ ‘ಸಾ’ ಎಂದು ಹಿಡಿಯುವ ಆಧಾರ ಸ್ವರದ ಎತ್ತರದ್ದು. ಹಾರ್ಮೋನಿಯಂ ಮನೆಗಳ, ಅಂದರೆ ಕೀಗಳ, ಲೆಕ್ಕದಲ್ಲಿ ಗಂಡಸರಿಗೆ ಸಾಮಾನ್ಯವಾಗಿ ಒಂದರಿಂದ ಎರಡರವರೆಗೆ ಹಿತ. ಹೆಂಗಸರಿಗೆ ಐದು, ಐದೂವರೆ, ಆರು. ಕೀಬೋರ್ಡ್ ನುಡಿಸುವವರ ಭಾಷೆಯಲ್ಲಿ ಸಿ ಎಂದರೆ ಒಂದು, ಜಿ ಎಂದರೆ ಐದು. ಹೆಂಗಸರು ಜಾಸ್ತಿ ಇರುವ ಕಡೆ ಐದೂವರೆಗೆ ಹಿಡಿದುಬಿಟ್ಟರೆ ಗಂಡಸರ ಕಥೆ ಮುಗಿಯಿತು. ಅದೇ ಸ್ಥಾಯಿಯಲ್ಲಿ, ಅಂದರೆ ಹೆಂಗಸರಷ್ಟೇ ಎತ್ತರದಲ್ಲಿ, ಹಾಡಿದರೆ ಚರಣಕ್ಕೆ ಬರುವಾಗ ಕತ್ತಿನ ನರ ಉಬ್ಬುತ್ತದೆ. ಒಂದು ಸ್ಥಾಯಿ ಕೆಳಗೆ ಹಾಡಿದರೆ ದನಿ ಗಂಟಲಿನಿಂದ ಹೊರಗೇ ಬರುವುದಿಲ್ಲ. ಸ್ಕೂಲಿನಲ್ಲಿ ದನಿ ಒಡೆಯುವ ವಯಸ್ಸಿನಲ್ಲಿ ಹೀಗೆ ಹಾಡಲು ಹೋಗಿ, ಮೇಷ್ಟ್ರಿಂದ ‘ನೀನು ಸುಮ್ನೆ ಬಾಯಿ ಆಡಿಸು ಸಾಕು’ ಅನ್ನಿಸಿಕೊಂಡವರು ನಮ್ಮ ತಂಡದಲ್ಲೇ ಇದ್ದಾರೆ. ಅಲ್ಲಿಂದ ಮುಂದೆ ಅವರು ಬಾಯಿ ಬಿಟ್ಟಿರಲಿಲ್ಲ.

ನಮ್ಮಲ್ಲಿ ಹೇಳಿಕೊಡುವ ಮೇಡಂ ಎರಡೂವರೆ, ಮೂರರ ಹತ್ತಿರ ರಾಜಿ ಮಾಡಿಸಿದ್ದಾರೆ. ಹಾಡು ನೋಡಿಕೊಂಡು ಬದಲಾಯಿಸುತ್ತಾರೆ. ಹೆಂಗಸರು ‘ಪಾತಾಳಕ್ಕೆ ಇಳಿಬೇಕು ಮೇಡಂ’ ಎಂದು ಗೊಣಗುತ್ತಾರೆ, ಗಂಡಸರು ‘ಇನ್ನೂ ಅರ್ಧ ಇಳಿಸಿ’ ಅನ್ನುತ್ತಾರೆ. ಎರಡೂ ಕಡೆಯವರು ಸಮನಾಗಿ ಗೊಣಗಿದರೆ ಶ್ರುತಿ ಸರಿಯಾಗಿದೆ ಎಂದು ಅರ್ಥ. ನೀವು ಹೋದ ದಿನ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ‘ಯಾವ ಶ್ರುತಿಗೆ ಹಾಡ್ತೀರಾ?’ ಮನೆಯಲ್ಲಿ ಫೋನಿನ ತಂಬೂರಿ ಆ್ಯಪ್ ಅದಕ್ಕೇ ಇಟ್ಟುಕೊಂಡು ಸುಮ್ನೆ ‘ಸಾ’ ಹಿಡಿದು ನೋಡಿ. ‘ಪಾ’ಗೆ ಹೋಗಿ ವಾಪಸ್ ಬನ್ನಿ. ಆರಾಮಾಗಿ ಆಗುತ್ತಿದೆಯಾ, ಆಯಿತು, ನಿಮಗೆ ಹಾಡಲು ಬರುತ್ತದೆ.

ಎಲ್ಲ ತಂಡಗಳೂ ಶುರು ಮಾಡುವುದು ಬಹುಶಃ ನಾಡಗೀತೆಯಿಂದಲೇ. ನಾವೂ ಹಾಗೇ ಮಾಡಿದೆವು. ಎಲ್ಲರಿಗೂ ಬಾಯಿಪಾಠ ಇದೆ, ಸುಲಭ ಎಂದುಕೊಂಡಿದ್ದೆವು. ಹಾಡಲು ನಿಂತರೆ ಮೊದಲ ಸಾಲು ದಾಟುವಷ್ಟರಲ್ಲಿ ಎರಡು ಮೂರು ದಾರಿ. ಕುವೆಂಪು ಅವರ ಆ ಗೀತೆ ಅಧಿಕೃತವಾಗಿ ನಾಡಗೀತೆ ಆಗಿದ್ದು 2004ರಲ್ಲಿ. ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಎಂದು ಸರ್ಕಾರ ಗೊತ್ತು ಮಾಡಿದ್ದು 2022ರಲ್ಲಿ. ಅಷ್ಟರೊಳಗೆ ನಾವೆಲ್ಲ ಸ್ಕೂಲು ಮುಗಿಸಿ, ಮದುವೆಯಾಗಿ, ಮಕ್ಕಳನ್ನು ಸ್ಕೂಲಿಗೆ ಸೇರಿಸಿ ಆಗಿತ್ತು. ಕೆಲವರ ಕಿವಿಯಲ್ಲಿ ಅಶ್ವತ್ಥ್ ಅವರ ಧಾಟಿ ಕೂತಿದೆ, ಕೆಲವರದ್ದು ಅವರವರ ಸ್ಕೂಲಿನ ಪಿಟಿ ಮೇಷ್ಟ್ರ ಧಾಟಿ. ಕೊನೆಗೆ ನಮ್ಮನ್ನು ತಿದ್ದಿದ್ದು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಕ್ಕಳು. ಅವರು ದಿನಾ ಬೆಳಿಗ್ಗೆ ಪ್ರೇಯರ್‌ನಲ್ಲಿ ಹಾಡುತ್ತಾರಲ್ವಾ! ‘ಅಲ್ಲಿ ಎಳೀಬಾರ್ದು ಅಮ್ಮಾ’ ಎಂದು ನನ್ನ ಮಗನೇ ಎಲ್ಲರೆದುರು ಹೇಳಿದ. ನೀವು ಹುಬ್ಬಳ್ಳಿಯಲ್ಲಿ ಕಲಿತ ಧಾಟಿ ಬೇರೆ ಇದ್ದರೆ ಚಿಂತೆ ಬೇಡ ಎನ್ನುವುದಕ್ಕೆ ಇಷ್ಟು ಹೇಳಿದೆ. ಎಲ್ಲರೂ ಮರೆತು ಹೊಸದಾಗಿ ಕಲಿಯುವವರೇ.

ನಮ್ಮ ತಂಡದಲ್ಲಿ ಚರ್ಚ್ ಕಾಯಿರ್‌ನಲ್ಲಿ ಹಾಡಿ ಬೆಳೆದ ಅಪ್ಪ ಒಬ್ಬರಿದ್ದಾರೆ. ಸ್ಟಾಫ್ ನೊಟೇಶನ್, ಅಂದರೆ ಪಾಶ್ಚಾತ್ಯ ಸಂಗೀತದ ಸ್ವರಲಿಪಿ, ಓದುತ್ತಾರೆ. ಎಲ್ಲರೂ ಒಂದೇ ಧಾಟಿ ಹಾಡಿದರೆ ಏನು ಚಂದ, ಅರ್ಧ ಜನ ಕೆಳಗಿನ ಸ್ವರ ಹಿಡಿಯಿರಿ, ಹಾರ್ಮನಿ ಮಾಡೋಣ ಎಂದರು. ಮೈಸೂರಿಗೆ ಇದೇನೂ ಹೊಸದಲ್ಲ ಬಿಡಿ. ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಸಂಗೀತದ ಕಛೇರಿ ನಡೆಸುವ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದವರು, 1948ರಲ್ಲಿ. ಅದೇ ಮಹಾರಾಜರು ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಅವರಿಗೆ ಎರಡೂ ಒಲಿದಿತ್ತು. ನಮಗೆ ಎರಡೂ ಕಷ್ಟ.

ಏನಾಯಿತು ಎಂದರೆ, ಕೆಳಗಿನ ಸಾಲು ಹಾಡಲು ನಿಂತವರು ಎರಡನೇ ಸಾಲಿನ ಹೊತ್ತಿಗೆ ಮೆಲ್ಲಗೆ ಮೇಲಿನ ಧಾಟಿಗೆ ಜಾರಿಬಿಡುತ್ತಿದ್ದರು. ನಾನೂ ಅದರಲ್ಲಿ ಇದ್ದೆ. ಕಿವಿಗೆ ಬೆರಳು ಇಟ್ಟುಕೊಂಡು ಹಾಡಿದರೂ ಜಾರುತ್ತದೆ. ಅಲ್ಪಸ್ವಲ್ಪ ಸಂಗೀತ ಕಲಿತವರಿಗೇ ಇದು ಇನ್ನೂ ಕಷ್ಟ. ಶ್ರುತಿ, ಧಾಟಿ ಎಲ್ಲಿದೆಯೋ ಅಲ್ಲಿಗೆ ಸೇರಿಕೊಳ್ಳಬೇಕು ಎಂದೇ ಕಿವಿ ಪಳಗಿರುತ್ತದೆ. ಪಾಪ, ಆ ಕಾಯಿರ್ ಅಪ್ಪ ಒಂದಷ್ಟು ವಾರ ಒದ್ದಾಡಿದರು. ಆಮೇಲೆ ಅವರೇ ಉಪಾಯ ಕಂಡುಕೊಂಡರು. ಗಂಡಸರಿಗೆ ಬೇರೆ ಧಾಟಿ ಕೊಡುವುದು ಬಿಟ್ಟು, ಸುಮ್ನೆ ‘ಸಾ’ ಮತ್ತು ‘ಪಾ’ ಹಿಡಿದುಕೊಂಡು ನಿಲ್ಲಿ ಎಂದರು. ಅಕಾರದಲ್ಲಿ, ಬಾಯಿ ಅರ್ಧ ತೆರೆದು. ಹೆಂಗಸರು ಮೇಲೆ ಧಾಟಿ ಹಾಡಬೇಕು. ತಂಬೂರಿ ಮೀಟಿದ ಹಾಗೇ ಕೇಳಿಸಿತು. ಹಾಡು ಬರುವುದಿಲ್ಲ ಎನ್ನುತ್ತಿದ್ದ ಆಟೋ ಅಣ್ಣನ ‘ಸಾ’ ಎಷ್ಟು ಗಟ್ಟಿ ಎಂದರೆ ಈಗ ಅವರು ಬರದ ದಿನ ಎಲ್ಲರಿಗೂ ಕಾಲಡಿ ನೆಲ ಇಲ್ಲದಂತೆ ಆಗುತ್ತದೆ.

ಇಲ್ಲೇ ನಿಮ್ಮ ಇನ್ನೊಂದು ಪ್ರಶ್ನೆಗೆ ಉತ್ತರ ಇದೆ. ನಿಮಗೆ ಸದ್ಯಕ್ಕೆ ಬೇಕಾಗಿರುವುದು ಹರಟೆಗೆ ಜನ ಅಲ್ಲ ಎಂದು ನನಗನ್ನಿಸುತ್ತದೆ. ನೀವು ಬರದಿದ್ದರೆ ‘ಯಾಕೆ ಬರಲಿಲ್ಲ’ ಎಂದು ಕೇಳುವ ಒಂದು ಜಾಗ ಬೇಕು. ವಾಕಿಂಗ್‌ಗೆ ಕುಕ್ಕರಹಳ್ಳಿ ಕೆರೆಗೆ ಹೋದರೂ ದಿನಾ ಅದೇ ಮುಖಗಳು ಸಿಗುತ್ತವೆ, ನಗುತ್ತಾರೆ, ಮುಂದೆ ಹೋಗುತ್ತಾರೆ. ನೀವು ಒಂದು ವಾರ ಹೋಗದಿದ್ದರೆ ಯಾರ ನಡಿಗೆಯೂ ನಿಲ್ಲುವುದಿಲ್ಲ. ಇಲ್ಲಿ ಹಾಗಲ್ಲ. ಗಂಡಸರ ಸಾಲಿನಲ್ಲಿ ಇರುವುದೇ ನಾಲ್ಕೈದು ಜನ. ಒಬ್ಬರು ಕಡಿಮೆಯಾದರೆ ಕಿವಿಗೆ ಗೊತ್ತಾಗುತ್ತದೆ. ಎಷ್ಟು ಚೆನ್ನಾಗಿ ಹಾಡುತ್ತೀರಿ ಎನ್ನುವುದಕ್ಕಿಂತ ಪ್ರತಿ ವಾರ ಬರುತ್ತೀರಾ ಎನ್ನುವುದೇ ಲೆಕ್ಕ.

ಇನ್ನೊಂದು, ಉಸಿರಿನ ವಿಚಾರ. ಇದು ನನಗೆ ತುಂಬಾ ಇಷ್ಟವಾದ ಪಾಠ. ಉದ್ದ ಸಾಲು ಇದ್ದರೆ ಎಲ್ಲರ ಉಸಿರೂ ಒಂದೇ ಜಾಗದಲ್ಲಿ ಮುಗಿಯುತ್ತದೆ. ಎಲ್ಲರೂ ಒಟ್ಟಿಗೆ ‘ಹಾ’ ಎಂದು ಉಸಿರು ಎಳೆದುಕೊಂಡರೆ ಹಾಡು ಅಲ್ಲೇ ತುಂಡಾಗುತ್ತದೆ. ಮೇಡಂ ಏನು ಮಾಡಿದರು ಎಂದರೆ, ಅಕ್ಕಪಕ್ಕದವರನ್ನು ಜೋಡಿ ಮಾಡಿದರು. ನೀವು ಈ ಪದದ ಮಧ್ಯೆ ಉಸಿರು ತಗೊಳ್ಳಿ, ನಿಮ್ಮ ಪಕ್ಕದವರು ಮುಂದಿನ ಪದದ ಮಧ್ಯೆ. ಸಾಲಿನ ಕೊನೆಯಲ್ಲಿ ಯಾರೂ ತಗೊಳ್ಳುವ ಹಾಗಿಲ್ಲ. ಉಸಿರು ಮುಗಿಯುತ್ತಿದೆ ಅನ್ನಿಸಿದಾಗ ದನಿ ಸಣ್ಣ ಮಾಡಿ ನಿಲ್ಲಿಸಿ, ಉಸಿರು ತುಂಬಿಕೊಂಡು, ಮತ್ತೆ ಸಣ್ಣ ದನಿಯಲ್ಲೇ ಒಳಗೆ ಸೇರಿಕೊಳ್ಳಬೇಕು. ಸರಿಯಾಗಿ ಮಾಡಿದರೆ ಕೇಳುವವರಿಗೆ ಹಾಡು ಎಲ್ಲೂ ನಿಂತ ಹಾಗೇ ಅನ್ನಿಸುವುದಿಲ್ಲ. ಇದು ಬರಬೇಕಾದರೆ ಪಕ್ಕದವರ ಉಸಿರು ಕೇಳಬೇಕು. ನನ್ನ ಪಕ್ಕ ನಿಲ್ಲುವವರು ಒಡಿಶಾದವರು, ರೈಲ್ವೆ ವರ್ಕ್‌ಶಾಪಿನಲ್ಲಿ ಗಂಡನಿಗೆ ಕೆಲಸ. ಕನ್ನಡ ಸಾಹಿತ್ಯವನ್ನು ಒಡಿಯಾ ಲಿಪಿಯಲ್ಲಿ ಬರೆದುಕೊಂಡು ಬರುತ್ತಾರೆ. ಮೊದಮೊದಲು ನಮ್ಮಿಬ್ಬರ ನಡುವೆ ನೆಟ್ಟಗೆ ಎರಡು ವಾಕ್ಯ ಮಾತು ಇರಲಿಲ್ಲ. ಆದರೆ ಅವರಿಗೆ ಎಲ್ಲಿ ಉಸಿರು ಸಾಲುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು, ನನ್ನದು ಅವರಿಗೆ.

ಮಾತು ಬಾರದವರಿಗೆ, ಸಂಕೋಚದವರಿಗೆ ಇದು ದೊಡ್ಡ ಅನುಕೂಲ. ಪಾರ್ಟಿಯಲ್ಲಿ, ಮದುವೆ ಮನೆಯಲ್ಲಿ ಏನು ಮಾತಾಡುವುದು ಎಂದು ಒದ್ದಾಡಬೇಕು. ಇಲ್ಲಿ ಒಂದೂವರೆ ಗಂಟೆ ಏನು ಹೇಳಬೇಕು ಎನ್ನುವುದು ಹಾಳೆಯಲ್ಲೇ ಬರೆದಿರುತ್ತದೆ.

ಇದರ ಬಗ್ಗೆ ಆಕ್ಸ್‌ಫರ್ಡ್‌ನ ಸಂಶೋಧಕರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಹೊಸದಾಗಿ ಶುರುವಾದ ವಯಸ್ಕರ ತರಗತಿಗಳನ್ನು ಏಳು ತಿಂಗಳು ಗಮನಿಸಿದರು. ಕೆಲವು ಹಾಡಿನವು, ಕೆಲವು ಕರಕುಶಲದವು, ಕೆಲವು ಬರವಣಿಗೆಯವು. ಹಾಡುವ ಗುಂಪಿನವರು ಉಳಿದವರಿಗಿಂತ ಬೇಗ ಹತ್ತಿರವಾದರು. ಇದನ್ನು ಎಲ್ಲರೂ ಹೇಳುತ್ತಾರೆ. ಕೊನೆಯ ಭಾಗ ಯಾರೂ ಹೇಳುವುದಿಲ್ಲ: ಏಳು ತಿಂಗಳ ಹೊತ್ತಿಗೆ ಮೂರೂ ಬಗೆಯ ಗುಂಪುಗಳು ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಬಂದಿದ್ದವು. ಅಂದರೆ ಹಾಡಿನಿಂದ ಸಂಕೋಚ ಬೇಗ ಒಡೆಯುತ್ತದೆ, ಅಷ್ಟೇ. ಉಳಿದದ್ದು ವಾರವಾರ ಸೇರುವುದರಿಂದಲೇ ಆಗುವುದು. ನಿಮಗೆ ಹಾಡು ಬೇಡವೇ ಬೇಡ ಅನ್ನಿಸಿದರೆ ಬೇರೆ ಯಾವುದಾದರೂ ಗುಂಪಿಗೆ ಸೇರಿ, ಆದರೆ ಬಿಡದೆ ಹೋಗಿ.

ಸ್ನೇಹ ಆಗುವುದು ಪ್ರಾಕ್ಟೀಸ್ ಮುಗಿದ ಮೇಲೆ, ಗೇಟಿನ ಹತ್ತಿರ. ಮಕ್ಕಳು ಗ್ರೌಂಡ್ ಬಿಟ್ಟು ಬರುವುದಿಲ್ಲ ಎಂದು ಹಟ ಮಾಡುತ್ತಾರೆ. ಅಷ್ಟು ಹೊತ್ತು ನಾವು ಸ್ಕೂಟರಿಗೆ ಒರಗಿ ನಿಂತಿರುತ್ತೇವೆ. ಯಾರೋ ಚುರುಮುರಿ ತರುತ್ತಾರೆ, ಎದುರಿನ ಹೋಟೆಲಿನಲ್ಲಿ ಬೈಟೂ ಕಾಫಿ ಆಗುತ್ತದೆ. ಯಾವ ಡಾಕ್ಟರು ಒಳ್ಳೆಯವರು, ಈಜು ಕ್ಲಾಸು ಎಲ್ಲಿ, ರಂಗಾಯಣದ ಚಿನ್ನರ ಮೇಳಕ್ಕೆ ಅರ್ಜಿ ಯಾವಾಗ ಕೊಡುತ್ತಾರೆ, ಇಂಥವೇ ಮಾತು. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಬ್ಯಾಂಕಿನಲ್ಲಿ ಲೆಕ್ಕ ತಾಳೆ ಆಗದೆ ನಾನು ಸಿಕ್ಕಿಹಾಕಿಕೊಂಡಿದ್ದೆ. ಗಂಡ ಊರಲ್ಲಿರಲಿಲ್ಲ. ಫೋನ್ ನೋಡಲೂ ಪುರುಸೊತ್ತಿಲ್ಲ. ಕೊನೆಗೆ ನೋಡಿದರೆ ಒಂದು ಮೆಸೇಜ್: ‘ನಿಮ್ಮ ಹುಡುಗ ನಮ್ಮನೇಲಿದ್ದಾನೆ. ಊಟ ಆಯ್ತು. ಹೋಂವರ್ಕ್ ಮಾಡಲ್ಲ ಅಂತಿದ್ದಾನೆ, ಅದು ನಿಮಗೆ ಬಿಟ್ಟಿದ್ದು.’ ಕಳಿಸಿದ್ದು ಅದೇ ಒಡಿಶಾದ ಅಮ್ಮ, ಮಗಳ ಕೈಲಿ ಕನ್ನಡದಲ್ಲಿ ಟೈಪ್ ಮಾಡಿಸಿ.

ಹಾಗೆಂದು ಎಲ್ಲವೂ ಚೆನ್ನ ಎಂದು ಹೇಳಿದರೆ ಸುಳ್ಳಾಗುತ್ತದೆ. ಜಗಳ ಇದೆ. ಯಾವ ಹಾಡು ಎನ್ನುವುದೇ ಮೊದಲ ಜಗಳ. ಒಬ್ಬರಿಗೆ ದೇವರನಾಮ ಬೇಕು, ಒಬ್ಬರಿಗೆ ಸಿನಿಮಾ ಹಾಡು. ನಮ್ಮಲ್ಲಿ ಮೂರು ನಾಲ್ಕು ಧರ್ಮದವರಿದ್ದಾರೆ. ಹಾಗಾಗಿ ಭಾವಗೀತೆ, ಜನಪದ, ವಚನ, ತತ್ವಪದಗಳ ಸುತ್ತಲೇ ತಿರುಗುತ್ತೇವೆ. ನೀವು ಬಂದರೆ ಶರೀಫರ ಪದ ಹೇಳಿಕೊಡಿ ಎಂದು ನಿಮ್ಮನ್ನೇ ಹಿಡಿಯುತ್ತಾರೆ ನೋಡಿ. ಶಿಶುನಾಳ ಹಾವೇರಿ ಜಿಲ್ಲೆಯಲ್ಲಿದೆ ಎಂದು ಬಿಡುವುದಿಲ್ಲ. ಇಲ್ಲಿಯವರಿಗೆ ಹುಬ್ಬಳ್ಳಿ ಕಡೆಯದ್ದೆಲ್ಲ ಒಂದೇ. ಎರಡನೇ ಜಗಳ ಸೋಲೋ. ಒಂದು ಸಾಲು ಒಬ್ಬರೇ ಹಾಡುವುದಿದ್ದರೆ ಅದು ಯಾರಿಗೆ ಎಂದು ಮುಖ ಊದಿಸಿಕೊಂಡವರಿದ್ದಾರೆ, ತಂಡ ಬಿಟ್ಟವರೂ ಇದ್ದಾರೆ. ಮೂರನೆಯದು ಆ್ಯನುಯಲ್ ಡೇ ಸೀರೆಯ ಬಣ್ಣ. ಇದರ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ನಡೆಯುವ ಚರ್ಚೆ ನೀವು ಮ್ಯೂಟ್ ಮಾಡಬಹುದು. ನಿಮಗೆ ಬಿಳಿ ಜುಬ್ಬ ಎಂದು ಮೊದಲೇ ತೀರ್ಮಾನ ಆಗಿರುತ್ತದೆ.

ಇನ್ನು ಸ್ವಲ್ಪ ಉಪಯೋಗಕ್ಕೆ ಬರುವ ಮಾತು.

ಹೋದ ದಿನವೇ ಸ್ನೇಹ ಆಗಲಿಲ್ಲ ಎಂದು ಬಿಡಬೇಡಿ. ಮೊದಲ ತಿಂಗಳು ನಿಮ್ಮನ್ನು ಯಾರೂ ವಿಶೇಷವಾಗಿ ಮಾತಾಡಿಸುವುದಿಲ್ಲ. ಮೈಸೂರಿನವರು ಮರ್ಯಾದೆ ಕೊಡುವುದರಲ್ಲಿ ಮುಂದು, ಸಲಿಗೆ ಕೊಡುವುದರಲ್ಲಿ ನಿಧಾನ. ಸ್ವಲ್ಪ ಬೇಗ ಹೋಗಿ ಕುರ್ಚಿ ಹಾಕಿ, ಹಾರ್ಮೋನಿಯಂ ಎತ್ತಿಡಿ, ಸಾಹಿತ್ಯದ ಪ್ರಿಂಟ್ ತೆಗೆಸುವ ಕೆಲಸ ವಹಿಸಿಕೊಳ್ಳಿ. ಅಕ್ಷರ ದೊಡ್ಡದಾಗಿ ಇರಲಿ. ನಲವತ್ತು ದಾಟಿದವರ ಕನ್ನಡಕ ಯಾವಾಗಲೂ ಕಾರಿನಲ್ಲೇ ಇರುತ್ತದೆ.

ಗಟ್ಟಿ ದನಿಯವರ ಪಕ್ಕ ನಿಲ್ಲಿ. ಮುಂದೆ ನಿಲ್ಲಬೇಡಿ, ಸ್ವಲ್ಪ ಹಿಂದೆ ನಿಂತರೆ ಅವರ ದನಿ ಕಿವಿಗೆ ನೇರ ಬೀಳುತ್ತದೆ. ಗೊತ್ತಿಲ್ಲದ ಸಾಲು ಬಂದಾಗ ನಿಲ್ಲಿಸಿ ಕೇಳಿಸಿಕೊಳ್ಳಿ. ಮನೆಯಲ್ಲಿ ಕೇಳಲು ಪ್ರಾಕ್ಟೀಸನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದಾದರೆ ಎಲ್ಲರನ್ನೂ ಕೇಳಿ ಮಾಡಿ, ಸ್ಟೇಟಸ್‌ಗೆ ಮಾತ್ರ ಹಾಕಬೇಡಿ.

ಗಂಟಲು ಎಳೆದು ಹಾಡಬೇಡಿ. ದಿನವಿಡೀ ಮೀಟಿಂಗ್‌ನಲ್ಲಿ ಮಾತಾಡುವ ಕೆಲಸ ನಿಮ್ಮದಾದರೆ ಶನಿವಾರದ ಹೊತ್ತಿಗೆ ಗಂಟಲು ಸುಸ್ತಾಗಿರುತ್ತದೆ. ನೀರಿನ ಬಾಟಲು ಇರಲಿ. ಎರಡು ಮೂರು ವಾರವಾದರೂ ದನಿ ಒಡಕಾಗೇ ಇದ್ದರೆ ಕಷಾಯ ಕುಡಿಯುತ್ತಾ ಕೂರಬೇಡಿ, ಇಎನ್‌ಟಿ ಡಾಕ್ಟರಿಗೆ ತೋರಿಸಿ. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆಯೇ ಇದೆ, ಧ್ವನಿಯ ತೊಂದರೆ ನೋಡುವ ತಜ್ಞರು ಅಲ್ಲಿದ್ದಾರೆ. ನಮ್ಮ ತಂಡದ ಟೀಚರ್ ಒಬ್ಬರು ಅಲ್ಲಿಗೆ ಹೋಗಿ, ಮಾತಾಡುವ ರೀತಿಯನ್ನೇ ತಿದ್ದಿಕೊಂಡು ಬಂದರು.

ಒಂದು ವೇಳೆ ನಿಮ್ಮ ಸ್ಕೂಲಿನ ತಂಡ ಬರೀ ಆ್ಯನುಯಲ್ ಡೇಗೆ ಒಂದು ಹಾಡು ಕಲಿಸಿ ಮುಗಿಸುವಂಥದ್ದಾದರೆ, ಅಲ್ಲಿ ಸಿಕ್ಕ ಇಬ್ಬರು ಮೂವರನ್ನು ಬಿಡಬೇಡಿ. ಅವರ ಜೊತೆ ಕುವೆಂಪುನಗರದ ಗಾನಭಾರತಿಯಲ್ಲಿ ಕಛೇರಿ ಇದ್ದಾಗ ಹೋಗಿ, ಇಲ್ಲವೇ ಯಾರದ್ದಾದರೂ ಮನೆಯ ಹಾಲ್‌ನಲ್ಲಿ ತಿಂಗಳಿಗೊಮ್ಮೆ ಸೇರಿ. ನಮ್ಮ ತಂಡವೂ ಶುರುವಾಗಿದ್ದು ಆ್ಯನುಯಲ್ ಡೇಗೆ ಎಂದೇ. ಹಾಡು ಮುಗಿದ ಮೇಲೂ ಶನಿವಾರ ಬರುವ ಅಭ್ಯಾಸ ಹೋಗಲಿಲ್ಲ. ಮಕ್ಕಳು ಹೈಸ್ಕೂಲಿಗೆ ಬೇರೆ ಕಡೆ ಹೋದವರೂ ಈಗಲೂ ಬರುತ್ತಿದ್ದಾರೆ. ಸ್ಕೂಲಿನವರು ಏನೂ ಅಂದಿಲ್ಲ.

ಕೊನೆಗೆ ಸಮಯದ ವಿಚಾರ. ಫೆಬ್ರವರಿ, ಮಾರ್ಚ್‌ನಲ್ಲಿ ಪರೀಕ್ಷೆ ಎಂದು ಅರ್ಧ ಜನ ಬರುವುದಿಲ್ಲ, ಆಮೇಲೆ ರಜೆಗೆ ಊರಿಗೆ ಹೋಗುತ್ತಾರೆ. ಆಗ ಹೋದರೆ ಖಾಲಿ ರೂಮು ನೋಡಿ ಬೇಸರ ಆಗುತ್ತದೆ. ಜೂನ್‌ನಲ್ಲಿ ಸ್ಕೂಲು ಶುರುವಾದ ಮೇಲೆ ಸೇರುವುದು ಒಳ್ಳೆಯದು. ಆಗ ಹೊಸ ಹಾಡು ಎತ್ತಿಕೊಳ್ಳುತ್ತಾರೆ, ಎಲ್ಲರೂ ಒಂದೇ ಸಾಲಿನಿಂದ ಶುರು ಮಾಡುತ್ತಾರೆ. ಮೆಸೇಜ್ ಕಳಿಸಿದವರಿಗೆ ಈಗಲೇ ‘ನಾನು ಬರ್ತೀನಿ, ಗಂಡಸರ ಸಾಲಿಗೆ’ ಎಂದು ಉತ್ತರ ಹಾಕಿಬಿಡಿ. ಆ ಸಾಲಿಗೆ ಜನ ಸಾಲದೆ ಅವರೂ ತಲೆ ಕೆಡಿಸಿಕೊಂಡಿರುತ್ತಾರೆ.